ಥ್ರಿಲ್ ಉಂಟಾ?

ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ಮುಟ್ಟುವುದು ಇವರ ಎಡಗೈ ಮಣಿಕಟ್ಟನ್ನು. ಎರಡು ಬೆರಳಿಟ್ಟರೆ ಸಾಕು, ಚರ್ಮದ ಅಡಿಯಲ್ಲಿ ಜುಂ ಅನ್ನುತ್ತಿರುತ್ತದೆ. ಮುಷ್ಟಿಯೊಳಗೆ ಜೀರುಂಡೆ ಹಿಡಿದ ಹಾಗೆ. ಡಯಾಲಿಸಿಸ್ ವಾರ್ಡಿನಲ್ಲಿ ಅದಕ್ಕೆ ಥ್ರಿಲ್ ಅನ್ನುತ್ತಾರೆ. ನಾವು ಬಾಗಿಲು ದಾಟುವ ಮೊದಲೇ ಟೆಕ್ನಿಷಿಯನ್ ಹುಡುಗ ಕೇಳುತ್ತಾನೆ: “ಅಂಕಲ್, ಥ್ರಿಲ್ ಉಂಟಾ?” ಇವರು ಹೇಳುತ್ತಾರೆ: “ಉಂಟು ಮಾರಾಯ, ಈ ವಯಸ್ಸಿನಲ್ಲಿ ಅದೊಂದೇ ಇರುವುದು.”

ಈ ಜೋಕು ಇನ್ನೂರು ಸಲವಾದರೂ ಆಗಿರಬಹುದು. ಹುಡುಗ ಈಗಲೂ ನಗುತ್ತಾನೆ. ಒಳ್ಳೆಯ ಹುಡುಗ.

ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಆಟಿ ತಿಂಗಳ ಮಳೆ. ಇವರಿಗೆ ಮೈಯೆಲ್ಲ ತುರಿಕೆ, ಊಟ ಸೇರದು, ಮಧ್ಯಾಹ್ನ ಪ್ರೆಸ್ಸಿನಲ್ಲಿ ಕೂತಲ್ಲೇ ನಿದ್ದೆ. ಬಿ.ಪಿ. ಇತ್ತು, ಮಾತ್ರೆ ನೆನಪಾದಾಗ ನುಂಗುತ್ತಿದ್ದರು. ಬೈಂಡಿಂಗ್ ಕೆಲಸ ಅಲ್ವಾ, ನಿಂತೂ ನಿಂತೂ ಕಾಲು ಊದಿದೆ ಅಂದುಕೊಂಡೆವು. ಭಾನುವಾರ ಚರ್ಚಿನ ಕ್ವಾಯರಿನಲ್ಲಿ ಹಾಡುವಾಗ ಎರಡನೇ ಚರಣಕ್ಕೇ ಉಸಿರು ಸಾಲಲಿಲ್ಲ. ಇವರು ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರ, ಹಾಡುವವರು. ಮೂವತ್ತು ವರ್ಷ ಒಂದೇ ಜಾಗದಲ್ಲಿ, ಹಿಂದಿನ ಸಾಲಿನ ಎಡತುದಿಯಲ್ಲಿ ನಿಂತವರು. ಅವತ್ತು ಪುಸ್ತಕ ಮುಚ್ಚಿ ಕೂತುಬಿಟ್ಟರು. ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ಕಶ್ಮಲ, 9.4. ಸಾಮಾನ್ಯರಿಗೆ ಒಂದರ ಆಸುಪಾಸು ಇರಬೇಕು. ಎರಡೂ ಕಿಡ್ನಿ ಸಣ್ಣದಾಗಿವೆ, ಇನ್ನು ಸರಿಯಾಗುವುದಿಲ್ಲ ಎಂದರು ಡಾಕ್ಟರ್. ಕತ್ತಿನ ಹತ್ತಿರ ಪೈಪು ಹಾಕಿ ಮರುದಿನವೇ ಡಯಾಲಿಸಿಸ್ ಶುರು ಮಾಡಿದರು.

ಆಗಿನಿಂದ ಸೋಮವಾರ, ಬುಧವಾರ, ಶುಕ್ರವಾರ. ಸಂಜೆ ನಾಲ್ಕರಿಂದ ಎಂಟು. ನನ್ನ ಶಾಲೆ ಬಿಡುವ ಹೊತ್ತು ನೋಡಿ ಆ ಶಿಫ್ಟ್ ಕೇಳಿಕೊಂಡೆವು. ಬಿ.ಪಿ.ಎಲ್. ಕಾರ್ಡ್ ಇದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. 2016ರಿಂದ ಕೇಂದ್ರ ಸರಕಾರದ ಕಾರ್ಯಕ್ರಮವೂ ಇದೆ. ನಮ್ಮದು ಎ.ಪಿ.ಎಲ್. ಕಾರ್ಡ್. ಹಾಗಾಗಿ ಖಾಸಗಿ ಆಸ್ಪತ್ರೆಗೇ ಹೋದೆವು, ಕರಿಮಣಿ ಒಂದು ಉಳಿಯಿತು, ಬಳೆಗಳು ಹೋದವು. ಅದರ ಲೆಕ್ಕ ಇಲ್ಲಿ ಬೇಡ.

ಬೇರೆ ಒಂದು ಲೆಕ್ಕ ಇದೆ, ಅದನ್ನು ಹೇಳಬೇಕು. ನೀರಿನ ಲೆಕ್ಕ. ಮೂತ್ರ ಹೋಗುವುದು ಕಡಿಮೆಯಾದವರಿಗೆ ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ. ಇವರಿಗೆ ದಿನಕ್ಕೆ ಒಂದು ಲೀಟರ್ ಎಂದು ಬರೆದುಕೊಟ್ಟರು. ನೀರು ಮಾತ್ರ ಅಲ್ಲ. ಚಹಾ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ. ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಗೀಟು ಹಾಕಿದೆ. ‘ಬೆಳಿಗ್ಗೆ ಚಹಾ 80. ಮಾತ್ರೆ 50.’ ಹೀಗೆ, ಎಲ್ಲ ಎಂ.ಎಲ್. ಲೆಕ್ಕ. ನಮ್ಮ ಕಡೆಯವರಿಗೆ ಕುಚ್ಚಲಕ್ಕಿ ಗಂಜಿ ಅಂದರೆ ಏನು ಅಂತ ಗೊತ್ತಿದ್ದವರಿಗೆ ಗೊತ್ತು. ತಿಳಿ ಬಸಿದು ಬರೀ ಅನ್ನ ಬಡಿಸಿದರೆ ಅದು ಗಂಜಿಯೇ ಅಲ್ಲ. ಉಪ್ಪಿನಕಾಯಿ ಇಲ್ಲ, ಒಣಮೀನು ಇಲ್ಲ. ಬಾಳೆಹಣ್ಣು ಇಲ್ಲ, ಬೊಂಡ ಅಂದರೆ ಎಳನೀರೂ ಇಲ್ಲ, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಹೃದಯ ನಿಂತೇ ಹೋಗಬಹುದು. ತರಕಾರಿಯನ್ನು ಬೇಯಿಸಿ ಆ ನೀರು ಚೆಲ್ಲಿ ಆಮೇಲೆ ಒಗ್ಗರಣೆ. ರುಚಿಯೂ ಆ ನೀರಿನ ಜೊತೆಗೇ ಹೋಗುತ್ತದೆ.

ಒಂದು ದಿನ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ನೋಡಿದರೆ ಇವರು ಅಡುಗೆಮನೆಯಲ್ಲಿ ನಿಂತಿದ್ದರು. ನಲ್ಲಿ ಬಿಟ್ಟು ಕೈ ಒಡ್ಡಿದ್ದರು. ಕುಡಿಯುತ್ತಿರಲಿಲ್ಲ. ಸುಮ್ನೆ ಬೆರಳ ಸಂದಿಯಲ್ಲಿ ನೀರು ಹೋಗುವುದನ್ನು ನೋಡುತ್ತಿದ್ದರು. ನಾನು ಹಿಂದಿನಿಂದಲೇ ವಾಪಸು ಹೋಗಿ ಮಲಗಿದೆ.

ನಾವು ಮಂಗಳೂರಿನ ಜೆಪ್ಪು ಕಡೆಯವರು. ನನ್ನ ಮುತ್ತಜ್ಜ ಅಲ್ಲಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ ಸಾಹೇಬರು ಶುರು ಮಾಡಿದ ಕಾರ್ಖಾನೆ. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ದೇವರ ಹತ್ತಿರ ಮಾತಾಡುವಾಗ ನನಗೆ ತಾನಾಗಿ ಕನ್ನಡವೇ ಬರುತ್ತದೆ, ಅದೂ ಹಳೇ ಬೈಬಲಿನ ಕನ್ನಡ. ಹುಟ್ಟಿದಾಗಿನಿಂದ ಚರ್ಚಿನಲ್ಲೇ ಬೆಳೆದವಳು ನಾನು. ಆದರೆ ಡಯಾಲಿಸಿಸ್ ಶುರುವಾದ ಮೊದಲ ಆರು ತಿಂಗಳು ಚರ್ಚಿನವರು ಮನೆಗೆ ಬರುತ್ತಾರೆ ಅಂದರೆ ಹೆದರಿಕೆಯಾಗುತ್ತಿತ್ತು.

ಬರುವವರೆಲ್ಲ ಸಂತೋಷದ ವಚನ ತರುತ್ತಿದ್ದರು. ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ ಎಂದು ಬೈಬಲಿನಲ್ಲಿ ಪೌಲನು ಫಿಲಿಪ್ಪಿ ಊರಿನವರಿಗೆ ಬರೆದದ್ದು. ಕಷ್ಟ ಬಂದಾಗ ಅದನ್ನು ಆನಂದ ಎಂದೇ ಎಣಿಸಿ ಎಂದು ಯಾಕೋಬನು ಬರೆದದ್ದು. ಬಿಸ್ಕತ್ತು ಪ್ಯಾಕೆಟ್ ಜೊತೆಗೆ ಅದನ್ನೂ ಟೀಪಾಯಿಯ ಮೇಲೆ ಇಟ್ಟು ಹೋಗುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಅದು ಇನ್ನೊಂದು ಪಥ್ಯದ ಹಾಗೆ ಕೇಳಿಸುತ್ತಿತ್ತು. ಉಪ್ಪು ಬಿಡಿ, ಬೊಂಡ ಬಿಡಿ, ಅಳುವುದನ್ನೂ ಬಿಡಿ. ಎಲ್ಲಿಂದಲೋ ಬಂದ ಒಬ್ಬ ಬೋಧಕರಂತೂ ಇವರ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿ, ನಿಮಗೆ ವಿಶ್ವಾಸ ಇದ್ದರೆ ಇನ್ನು ಆ ಡಯಾಲಿಸಿಸ್ ಮಿಷನ್ನಿಗೆ ಹೋಗಬೇಕಾಗಿಲ್ಲ ಅಂದರು. ಡಯಾಲಿಸಿಸ್ ಬಿಟ್ಟವರು ಎಷ್ಟು ದಿನ ಇರುತ್ತಾರೆ ಎಂದು ನನಗೆ ಅಷ್ಟೊತ್ತಿಗೆ ಗೊತ್ತಿತ್ತು. ಅವರನ್ನು ಗೇಟಿನವರೆಗೆ ಬಿಟ್ಟು ಬಂದು ಚಿಲಕ ಹಾಕಿದೆ. ಆ ವಿಷಯದಲ್ಲಿ ನನಗೆ ಇವತ್ತಿಗೂ ಕ್ಷಮೆ ಪೂರ್ತಿ ಬಂದಿಲ್ಲ.

ಪ್ರಾರ್ಥನೆ ನಿಂತಿತು. ಹಾಡು ಮೊದಲೇ ನಿಂತಿತ್ತು.

ನಮ್ಮ ಚರ್ಚಿನ ಸಭಾಪಾಲಕರು ಸಣ್ಣ ಪ್ರಾಯದವರು. ಒಂದು ಸಂಜೆ ಬಂದರು. ನಾನು ಚಹಾ ಕೊಟ್ಟು ಹೇಳಿಯೇ ಬಿಟ್ಟೆ: “ಅಯ್ಯನವರೇ, ಸಂತೋಷದ ವಚನ ಒಂದು ಬೇಡ.” ಅವರು ಲೋಟ ಕೆಳಗಿಟ್ಟರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ನಮ್ಮದೇ ಬೈಬಲ್ ತೆಗೆದು 88ನೇ ಕೀರ್ತನೆ ಓದಿದರು.

ಆ ಕೀರ್ತನೆಯನ್ನು ನಾನು ಮೊದಲು ಓದಿರಲೇ ಇಲ್ಲವಾ, ಓದಿಯೂ ಕಣ್ಣು ಹಾಯಿಸಿ ಬಿಟ್ಟಿದ್ದೆನಾ, ಗೊತ್ತಿಲ್ಲ. ಹಗಲಿರುಳು ಕೂಗುತ್ತಿದ್ದೇನೆ, ಯಾಕೆ ಮುಖ ಮರೆಮಾಡಿದ್ದೀ ಎಂದು ಕೇಳುವ ಹಾಡು. ನಾನು ಕಾಯುತ್ತಿದ್ದೆ, ಕೊನೆಗಾದರೂ ಒಂದು ‘ಆದರೂ’ ಬರುತ್ತದೆ ಅಂತ. ಹೆಚ್ಚಿನ ಗೋಳಿನ ಕೀರ್ತನೆಗಳಲ್ಲಿ ಬರುತ್ತದೆ. 13ನೆಯದನ್ನೇ ನೋಡಿ, ಎಷ್ಟರ ತನಕ, ಎಷ್ಟರ ತನಕ ಎಂದು ನಾಲ್ಕು ಸಲ ಕೇಳಿ ಕೊನೆಗೆ ಹಾಡುತ್ತಾನೆ. 88ರಲ್ಲಿ ಬರುವುದಿಲ್ಲ. ಸ್ನೇಹಿತರೆಲ್ಲ ದೂರವಾದರು, ಕತ್ತಲೆ. ಅಷ್ಟೇ, ಮುಗಿಯಿತು. ಅಯ್ಯನವರು ಪುಸ್ತಕ ಮುಚ್ಚಿ, “ಇದೂ ದೇವರ ವಾಕ್ಯವೇ ಅಕ್ಕ” ಎಂದು ಹೇಳಿ ಎದ್ದರು. ಪ್ರಾರ್ಥನೆ ಕೂಡ ಮಾಡಲಿಲ್ಲ.

ಅವತ್ತು ರಾತ್ರಿ ನಾನು ಚೆನ್ನಾಗಿ ಅತ್ತೆ. ಇವರೂ ಅತ್ತರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಇವರು ಅತ್ತದ್ದು ನೋಡಿದ್ದು ಅದೇ ಮೊದಲು. ಬೈಬಲಿನಲ್ಲಿ ಇಷ್ಟು ಜೋರಾಗಿ ದೂರು ಕೊಡಲು ಜಾಗ ಇದೆ ಎಂದು ಗೊತ್ತಾದ ಮೇಲೆ ದೇವರ ಹತ್ತಿರ ಮತ್ತೆ ಮಾತು ಶುರುವಾಯಿತು. ಮರ್ಯಾದೆಯ ಮಾತಲ್ಲ. ಜಗಳ. ಆದರೂ ಮಾತು.

ಈ ನಡುವೆ ಕೈಗೆ ಫಿಸ್ಟುಲಾ ಆಪರೇಶನ್ ಆಯಿತು. ಕತ್ತಿನ ಪೈಪನ್ನು ಜಾಸ್ತಿ ಸಮಯ ಇಡಬಾರದು, ಸೋಂಕಾಗುತ್ತದೆ. ಅದಕ್ಕೆ ಮಣಿಕಟ್ಟಿನಲ್ಲಿ ಶುದ್ಧರಕ್ತದ ನಾಳವನ್ನು ಪಕ್ಕದ ಅಶುದ್ಧರಕ್ತದ ನಾಳಕ್ಕೆ ಹೊಲಿಯುತ್ತಾರೆ. ಈ ಎರಡನೆಯದು ತೆಳು, ನಮ್ಮ ಕೈಮೇಲೆ ನೀಲಿಯಾಗಿ ಕಾಣುತ್ತದಲ್ಲ, ಅದು. ಹೃದಯದಿಂದ ಬರುವ ರಕ್ತ ರಭಸದಿಂದ ಅದರೊಳಗೆ ನುಗ್ಗುತ್ತದೆ, ಬೆರಳಿಗೆ ಜುಂ ಅನ್ನುವ ಥ್ರಿಲ್ ಅದೇ. ಆ ಒತ್ತಡ ತಿಂದು ತಿಂದು ಆರೆಂಟು ವಾರದಲ್ಲಿ ಅದು ದಪ್ಪವಾಗುತ್ತದೆ, ಗೋಡೆ ಗಟ್ಟಿಯಾಗುತ್ತದೆ. ಆಮೇಲೆ ಸೂಜಿ ಹಾಕಬಹುದು. ಸರ್ಜನ್ ನಮ್ಮ ಊರಿನವರೇ. ಮೃದುವಾದ ರಬ್ಬರ್ ಚೆಂಡು ಕೊಟ್ಟು, “ದಿನಾ ಹಿಸುಕಿ. ನರ ಹಿಗ್ಗಬೇಕು” ಅಂದರು.

ನಾನು ಕನ್ನಡ ಟೀಚರ್. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಗಿ ಬಂದ ಊರಿನವಳು ಬೇರೆ. ಮಕ್ಕಳಿಗೆ ‘ಹಿಗ್ಗು’ ಅಂದರೆ ಸಂತೋಷ ಎಂದು ಎಷ್ಟು ವರ್ಷ ಬರೆಸಿದ್ದೇನೋ. ಹಿಗ್ಗುವುದು ಅಂದರೆ ಅಗಲವಾಗುವುದು ಕೂಡ ಎಂದು ಗೊತ್ತಿಲ್ಲದ್ದೇನಲ್ಲ. ಆದರೆ ಆ ಎರಡು ಅರ್ಥವನ್ನು ಒಂದೇ ಕೈಯ ಮೇಲೆ ಇಟ್ಟು ನೋಡಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಇವರಿಗೆ ಹೇಳಿದೆ. ಇವರು ಚೆಂಡು ಹಿಸುಕುತ್ತಾ, “ಆಯ್ತು, ಇದನ್ನು ಸ್ತ್ರೀಸಭೆಯಲ್ಲಿ ಪ್ರಸಂಗ ಮಾಡಬೇಡ ಮಾರಾಯ್ತಿ” ಅಂದರು. ಮಾಡಲಿಲ್ಲ.

ಎಂಟು ವಾರ ಕಳೆದು ಮೊದಲ ಸಲ ಕೈಗೆ ಸೂಜಿ ಹಾಕಿದರು. ಸಣ್ಣ ಸೂಜಿ ಅಲ್ಲ ಅದು, ಗೋಣಿ ಹೊಲಿಯುವ ದಬ್ಬಣ ನೋಡಿದ ಹಾಗಾಯಿತು ನನಗೆ. ಎರಡು ಹಾಕುತ್ತಾರೆ, ಒಂದರಲ್ಲಿ ರಕ್ತ ಹೊರಗೆ, ಇನ್ನೊಂದರಲ್ಲಿ ಒಳಗೆ. ಸಾವಿರಾರು ಕೂದಲಿನಂಥ ಕೊಳವೆಗಳಿರುವ ಫಿಲ್ಟರಿನಲ್ಲಿ ಹಾದು ಬರುತ್ತದೆ. ಇವರಿಗೆ ನಿಮಿಷಕ್ಕೆ 250 ಎಂ.ಎಲ್. ಇಡುತ್ತಾರೆ. ನಾಲ್ಕು ಗಂಟೆಯಲ್ಲಿ ಮೈಯ ರಕ್ತವೆಲ್ಲ ಹತ್ತು ಸಲಕ್ಕಿಂತ ಜಾಸ್ತಿ ಸುತ್ತಿ ಬಂದಿರುತ್ತದೆ.

ಇನ್ನು ಆ ಮಳೆಯ ಸಂಜೆಯ ಕಥೆ. ಇದನ್ನು ಹೇಳುವುದಕ್ಕೇ ನಾನು ಬರೆಯಲು ಕೂತದ್ದು.

ಎರಡನೇ ವರ್ಷದ ಜೂನ್. ಗುಡುಗು ಸಿಡಿಲಿನ ಮಳೆ. ಏಳು ಗಂಟೆ ಹೊತ್ತಿಗೆ ಕರೆಂಟ್ ಹೋಯಿತು. ಸಾಮಾನ್ಯವಾಗಿ ಜನರೇಟರ್ ತಕ್ಷಣ ಬರುತ್ತದೆ, ಮಿಷನ್ನಿಗೆ ಬ್ಯಾಟರಿಯೂ ಇರುತ್ತದೆ. ಅವತ್ತು ಜನರೇಟರ್ ಕೆಮ್ಮಿ ನಿಂತಿತು. ಇವರ ಮಿಷನ್ ಹಳೆಯದು, ಅದರ ಬ್ಯಾಟರಿ ಎರಡು ನಿಮಿಷಕ್ಕೆ ಮುಗಿಯಿತು. ಪೀಂ ಪೀಂ ಎಂದು ಬೊಬ್ಬೆ. ಪಂಪ್ ನಿಂತರೆ ಪೈಪಿನಲ್ಲಿರುವ ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ. ಟೆಕ್ನಿಷಿಯನ್ ಹುಡುಗ ಓಡಿ ಬಂದು ಪಂಪಿಗೆ ಕೈಹಿಡಿ ಸಿಕ್ಕಿಸಿ ತಿರುಗಿಸಲು ಶುರು ಮಾಡಿದ. ಹಳೇ ಕಾಲದಲ್ಲಿ ಐಸ್‌ಕ್ರೀಂ ತಿರುಗಿಸುತ್ತಿದ್ದರಲ್ಲ, ಹಾಗೆ. ಅವನ ಕೈ ನಡುಗುತ್ತಿತ್ತು. ಒಮ್ಮೆ ಜೋರು, ಒಮ್ಮೆ ನಿಧಾನ. ನನ್ನ ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಪೈಪಿನೊಳಗೆ ಇವರ ರಕ್ತ ಹೋಗುವುದು ಕಾಣುತ್ತಿತ್ತು. ಹೋಗುತ್ತದೆ, ನಿಲ್ಲುತ್ತದೆ, ಹೋಗುತ್ತದೆ.

“ಗಾಬರಿ ಮಾಡಬೇಡ ಮಗ. ಒಂದೇ ತಾಳದಲ್ಲಿ ತಿರುಗಿಸು” ಎಂದರು ಇವರು. ಹೇಳಿ, ಅವನಿಗೆ ತಾಳ ಸಿಗಲಿ ಅಂತ ಹಾಡಲು ಶುರು ಮಾಡಿದರು.

ಒಂದು ವರ್ಷದಿಂದ ಹಾಡದ ಮನುಷ್ಯ. ಅದೂ ಏನು ಹಾಡಿದರು? ಬೇಸ್. ನಮ್ಮ ಚರ್ಚಿನ ಹಳೇ ಹಾಡುಗಳೆಲ್ಲ ಜರ್ಮನ್ ರಾಗದವು, ನಾಲ್ಕು ಸ್ವರದಲ್ಲಿ ಹಾಡುವಂಥವು. ಬೇಸಿನವರಿಗೆ ರಾಗ ಇರುವುದಿಲ್ಲ. ಕೆಳಗೆ ಎಲ್ಲೋ ಒಂದೇ ಕಡೆ ನಿಂತು ಹೂಂ, ಹೂಂ, ಹೂಂ ಅನ್ನುವುದು. ಉಳಿದ ಮೂರು ಸ್ವರ ಮೇಲೆ ಕೂತರೆ ಮಾತ್ರ ಅದಕ್ಕೆ ಅರ್ಥ. ಒಂಟಿಯಾಗಿ ಕೇಳಿದರೆ ಕೋಣ ನರಳಿದ ಹಾಗೆ. ಆ ಕತ್ತಲೆಯಲ್ಲಿ ಇವರು ಮೂವತ್ತು ವರ್ಷದ ಅಭ್ಯಾಸದ ಹಾಗೆ ಬೇಸನ್ನೇ ಹಿಡಿದಿದ್ದರು. ಹುಡುಗನ ಕೈ ಮಾತ್ರ ಸರಿಯಾದ ತಾಳಕ್ಕೆ ಬಂತು.

ಪಕ್ಕದ ಹಾಸಿಗೆಯಲ್ಲಿ ಉಳ್ಳಾಲದ ಹಾಜಿಯವರು. ಅವರ ಮಿಷನ್ ಬ್ಯಾಟರಿಯಲ್ಲಿ ಓಡುತ್ತಿತ್ತು. ಸ್ವಲ್ಪ ಹೊತ್ತು ಕೇಳಿ ಕೇಳಿ ಅವರು, “ಅಲ್ಲ ಬಾಯಮ್ಮ, ಇದು ಎಂತ ಹಾಡು? ಒಂದೇ ಸ್ವರ ಉಂಟಲ್ಲ?” ಎಂದು ಕೇಳಿದರು.

ನನಗೆ ನಗು ಬಂತು. ತಡೆಯಲಾಗಲಿಲ್ಲ. “ಇದು ಅರ್ಧ ಹಾಡು ಹಾಜಿಯವರೇ, ಉಳಿದದ್ದು ನನ್ನ ಹತ್ತಿರ ಉಂಟು” ಎಂದು ಹೇಳಿ ನಾನು ರಾಗ ಎತ್ತಿದೆ. ಗಂಟಲು ಕಟ್ಟಿತ್ತು, ಶ್ರುತಿ ಎಲ್ಲೋ ಹೋಯಿತು. ಆದರೂ ಎರಡು ಸಾಲು ಆಗುವಾಗ ಇವರ ಬೇಸ್ ಕೆಳಗಿನಿಂದ ಬಂದು ನನ್ನ ರಾಗಕ್ಕೆ ಕಾಲು ಕೊಟ್ಟಿತು. ನಾಲ್ಕು ಚರಣ ಹಾಡಿದೆವು. ಐದು ನಿಮಿಷ ಇರಬಹುದು. ಹುಡುಗ ತಿರುಗಿಸುತ್ತಲೇ ಇದ್ದ, ಅವನ ಹಣೆಯ ಬೆವರನ್ನು ನರ್ಸ್ ಒರೆಸಿದಳು. ರಕ್ತವೆಲ್ಲ ಪೈಪಿನಿಂದ ವಾಪಸು ಮೈಗೆ ಹೋದ ಮೇಲೆ ಜನರೇಟರ್ ಶುರುವಾಯಿತು. ಅಷ್ಟು ಹೊತ್ತಿಗೆ ಅದು ಯಾರಿಗೂ ಬೇಕಾಗಿರಲಿಲ್ಲ, ಎಲ್ಲರೂ ಜನರೇಟರಿಗೆ ಬೈದರು. ಇವರು ನಗುತ್ತಿದ್ದರು. ಹಾಜಿಯವರು, “ಈಗ ಹಾಡಿನ ಹಾಗೆ ಆಯ್ತು” ಅಂದರು.

ನಾನು ಆಗ ಹೆದರಿರಲಿಲ್ಲವಾ ಎಂದು ಕೇಳಬಹುದು. ಕಾಲು ಗಡಗಡ ನಡುಗುತ್ತಿತ್ತು. ಆ ನಡುಕದ ಮೇಲೆಯೇ, ಅದು ಹೋಗದೆ ಇರುವಾಗಲೇ, ಇನ್ನೊಂದು ಬಂದು ಕೂತಿತ್ತು. ಅದನ್ನು ನಾನು ಕರೆದಿರಲಿಲ್ಲ. ಯಾರ ಉಪದೇಶಕ್ಕೂ ಬಂದದ್ದಲ್ಲ. ಮನೆಗೆ ಬಂದು ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆಗೆದೆ. ಇದೇ ಫಿಲಿಪ್ಪಿ ಊರಿನ ಸೆರೆಮನೆಯಲ್ಲಿ ಪೌಲ, ಸೀಲ ಇಬ್ಬರೂ ಛಡಿ ಏಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು, ನಡುರಾತ್ರಿ ಹಾಡಿದ್ದರು. ಸಂತೋಷಿಸಿರಿ ಎಂದು ಆ ಊರಿನವರಿಗೆ ಬರೆಯುವಾಗಲೂ ಪೌಲ ಬೇಡಿಯಲ್ಲೇ ಇದ್ದ. ಟೀಪಾಯಿಯ ಮೇಲೆ ಬಿಸ್ಕತ್ತಿನ ಜೊತೆ ಇಟ್ಟ ವಚನ ಇದೇನಾ ಅನ್ನಿಸಿತು. ಬೆನ್ನಿನ ಗಾಯ ಒಣಗಿದ ಮೇಲೆ ಹಾಡಿದರು ಅಂತ ಅಲ್ಲಿ ಬರೆದಿಲ್ಲ. ಗಾಯ ತೊಳೆದದ್ದು ಹಾಡಿನ ನಂತರ, ಅದೂ ಸೆರೆಮನೆಯ ಅಧಿಕಾರಿಯೇ ತೊಳೆದದ್ದು. ಇಷ್ಟು ವರ್ಷ ಓದಿದ್ದೆ, ಆ ಗಾಯ ತೊಳೆಯುವ ಮಾತು ಕಣ್ಣಿಗೆ ಬಿದ್ದಿರಲಿಲ್ಲ.

ಆ ಮೇಲೆ ಎಲ್ಲ ಸರಿಯಾಯಿತಾ? ಇಲ್ಲ. ಕಿಡ್ನಿ ಕೊಡುತ್ತೇನೆ ಎಂದು ನಾನು ಪರೀಕ್ಷೆ ಮಾಡಿಸಿಕೊಂಡೆ. ಹೆಂಡತಿ ಗಂಡನಿಗೆ ಕೊಡಬಹುದು, ಕಾನೂನು ಒಪ್ಪುತ್ತದೆ. ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಆ ಪರೀಕ್ಷೆಯಲ್ಲೇ ಗೊತ್ತಾಯಿತು, ಆಗುವುದಿಲ್ಲ ಅಂದರು. ಅಂಗದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಇವರ ಹೆಸರು ನೋಂದಾಯಿಸಿ ಕಾಯುತ್ತಿದ್ದೇವೆ. ಯಾರದ್ದೋ ಮನೆಯಲ್ಲಿ ಸಾವಾದರೆ ನಮಗೆ ಫೋನ್ ಬರುತ್ತದೆ. ಅದಕ್ಕಾಗಿ ಹೇಗೆ ಪ್ರಾರ್ಥನೆ ಮಾಡುವುದು ಎಂದು ನನಗೆ ಇನ್ನೂ ತಿಳಿದಿಲ್ಲ. ಕಳೆದ ಮಾರ್ಚಿನಲ್ಲಿ ಹಾಜಿಯವರು ತೀರಿಕೊಂಡರು. ಶುಕ್ರವಾರ ಹೋದಾಗ ಆ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ಇವರು ಅವತ್ತು ಗೋಡೆ ಕಡೆ ತಿರುಗಿ ಮಲಗಿದರು. 88ನೇ ಕೀರ್ತನೆಯ ಪುಟಕ್ಕೆ ನಾನು ಹಾಕಿದ ರಿಬ್ಬನ್ ಇನ್ನೂ ಅಲ್ಲೇ ಇದೆ.

ಆದರೆ ಬೆಳೆ ಹಬ್ಬದ ದಿನದ್ದು ಹೇಳದಿದ್ದರೆ ಆಗದು. ನಮ್ಮಲ್ಲಿ ಆರಾಧನೆ ಮುಗಿದ ಮೇಲೆ ಕಾಣಿಕೆ ತಂದದ್ದನ್ನೆಲ್ಲ ಅಂಗಳದಲ್ಲಿ ಹರಾಜು ಹಾಕುತ್ತಾರೆ. ಬಸಳೆ, ಕುಂಬಳ, ಊರಿನ ಕೋಳಿ, ಕೇಕು. ಅವತ್ತಿನ ವಾಕ್ಯ ಬೈಬಲಿನ ಪ್ರವಾದಿ ಹಬಕ್ಕೂಕನದ್ದು. ಅಂಜೂರ ಹೂ ಬಿಡದಿದ್ದರೂ, ದ್ರಾಕ್ಷೆ ಹಣ್ಣಾಗದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ಉಲ್ಲಾಸಿಸುವೆನು ಎನ್ನುವುದು. ಇವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: “ಗಂಜಿಯಲ್ಲಿ ತಿಳಿ ಇಲ್ಲದಿದ್ದರೂ.” ನಾನು ಹೇಳಿದೆ: “ಊಟಕ್ಕೆ ಉಪ್ಪಿನಕಾಯಿ ಇಲ್ಲದಿದ್ದರೂ.” ಎದುರಿನ ಬೆಂಚಿನ ದೊಡ್ಡಮ್ಮ ತಿರುಗಿ ಕಣ್ಣು ಬಿಟ್ಟರು.

ಹರಾಜಿನಲ್ಲಿ ಒಂದು ಗೊನೆ ಬೊಂಡ ಬಂತು. ಇವರು ಕೈ ಎತ್ತಿದರು. ಎಲ್ಲರೂ ನೋಡಿದರು, ಯಾಕೆಂದರೆ ಎಲ್ಲರಿಗೂ ಗೊತ್ತು. ಮುನ್ನೂರು, ಮುನ್ನೂರೈವತ್ತು. ಯಾರೋ ಸುಮ್ಮನಾದರು. “ಐನೂರು” ಎಂದು ಇವರೇ ಏರಿಸಿ ತಗೊಂಡರು. ಸಂಡೆಸ್ಕೂಲ್ ಮಕ್ಕಳನ್ನು ಕರೆದು ಕೆತ್ತಿಸಿ ಕುಡಿಸಿದರು. ಒಬ್ಬ ಪುಟ್ಟ ಕುಡಿಯುವಾಗ ಗಲ್ಲದಿಂದ ಅಂಗಿಗೆಲ್ಲ ಇಳಿಯಿತು. ಇವರು ಅವನನ್ನೇ ನೋಡುತ್ತಿದ್ದರು. ಅಡುಗೆಮನೆಯ ನಲ್ಲಿಯ ಹತ್ತಿರ ನಿಂತು ನೋಡಿದ ಮುಖ ಅಲ್ಲ ಅದು.

ಕ್ವಾಯರಿಗೆ ಮತ್ತೆ ಹೋಗುತ್ತಾರೆ. ಮೊದಲ ಚರಣ ನಿಂತು ಹಾಡಿ ಉಳಿದದ್ದಕ್ಕೆ ಕೂರುತ್ತಾರೆ. ಅವರಿಗೆ ಅಂತ ಹಿಂದಿನ ಸಾಲಿನ ಎಡತುದಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದಾರೆ.

ಹೋದ ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನ, ಅಂದರೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ, ಇತ್ತು. ಮನೆಗೆ ಬಂದು ನಾನು ನೋಟ್‌ಬುಕ್ ತೆಗೆದೆ. ಇದು ಐದನೇ ನೋಟ್‌ಬುಕ್. ‘ಚಹಾ 80. ಮಾತ್ರೆ 50. ಭೋಜನದ ರಸ 5’ ಎಂದು ಬರೆದೆ. ಇವರು ಕನ್ನಡಕ ಹಾಕಿ ಬಗ್ಗಿ ನೋಡಿದರು. ನನ್ನ ಕೈಯಿಂದ ಪೆನ್ನು ತಗೊಂಡು 5 ಹೊಡೆದು ಹಾಕಿ 15 ಎಂದು ಬರೆದರು.

“ಅಷ್ಟು ಎಲ್ಲಿಂದ?” ಅಂದೆ.

“ಅಯ್ಯನವರು ಬಟ್ಟಲು ಬಾಯಿಗೆ ಹಿಡಿದು ಆಚೆ ನೋಡುತ್ತಿದ್ದರು ಮಾರಾಯ್ತಿ. ಮೂರು ಗುಟುಕು ಎಳೆದುಬಿಟ್ಟೆ.”